ಕಲ್ಲಿನ ತಳದಲ್ಲಿ ಒಂದು ಹೆಸರು

ಹೋದ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ನಾನು ನಮ್ಮ ಮನೆಯ ಗೇಟಿನ ಒಳಗಡೆ ನಿಂತಿದ್ದೆ. ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ ಇತ್ತು. ಎದುರು ಸಾಲಿನಲ್ಲಿ ಹೊಸದಾಗಿ ಏಳುತ್ತಿರುವ ಮನೆಗೆ ಅಡುಗೆ ಕಟ್ಟೆಯ ಕಪ್ಪು ಕಲ್ಲು ಬಂದಿತ್ತು. ಇಬ್ಬರು ಅದನ್ನು ರಸ್ತೆ ಬದಿಯಲ್ಲಿ ಹಾಸಿಕೊಂಡು, ಒಬ್ಬ ಮಿಷನ್ನಿನಿಂದ ಕೊಯ್ಯುತ್ತಿದ್ದ, ಇನ್ನೊಬ್ಬ ಮಗ್ಗಿನಿಂದ ನೀರು ಬಿಡುತ್ತಿದ್ದ. ಗಾಳಿ ನನ್ನ ಕಡೆಗೆ ಬೀಸುತ್ತಿತ್ತು. ಒದ್ದೆ ಕಲ್ಲಿನ ಪುಡಿಯ ವಾಸನೆ ಬಂತು.

ಅದು ಸುಟ್ಟ ವಾಸನೆಯಲ್ಲ, ಮಣ್ಣಿನ ವಾಸನೆಯೂ ಅಲ್ಲ. ಕಲ್ಲು ಕೊಯ್ಯುವವರ ಅಂಗಿಯಲ್ಲಿ, ತಲೆಗೂದಲಲ್ಲಿ, ಅವರು ಬಿಚ್ಚಿದ ಊಟದ ಡಬ್ಬಿಯ ಮುಚ್ಚಳದಲ್ಲಿ ಕೂಡ ಅದು ಇರುತ್ತದೆ. ನಾನು ಬಕೆಟ್ ಕೆಳಗಿಟ್ಟೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ… ಹೆಂಡತಿ ಒಳಗಿನಿಂದ ಎರಡು ಸಲ ಕರೆದಳಂತೆ. ನನಗೆ ಕೇಳಿಸಿದ್ದು ಒಂದೇ ಸಲ.

ಆ ವಾಸನೆಯ ಜೊತೆಗೆ ನೆನಪಿಗೆ ಬಂದವನು ಅಣ್ಣ. ಒಡಹುಟ್ಟಿದವನಲ್ಲ. ಸೂಳಗಿರಿಗೆ ಹೋಗುವ ಹೈವೇ ಬದಿಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಅಕ್ಷರ ಕೆತ್ತುತ್ತಿದ್ದವನು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೊಬ್ಬನೇ ಅಣ್ಣ ಎನ್ನುತ್ತಿದ್ದೆ, ಯಾಕೆಂದರೆ ಇಬ್ಬರೂ ಬಾಗಲೂರು ಕಡೆಯವರು, ತಮಿಳು ಸೀಮೆಯಲ್ಲಿದ್ದೂ ಇಬ್ಬರೂ ಕನ್ನಡ ಶಾಲೆಯಲ್ಲಿ ಕೂತವರು. ಅವನು ಐದನೇ ಕ್ಲಾಸಿಗೆ ಎದ್ದು ಬಂದಿದ್ದ. ನಾನು ಇನ್ನಷ್ಟು ದಿನ ಕೂತಿದ್ದೆ. ಅಷ್ಟೇ ವ್ಯತ್ಯಾಸ.

ಆ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಚೆಕ್ಕರ್ ಆಗಿದ್ದೆ. ಟೇಪು ಹಿಡಿದು ಕಲ್ಲಿನ ಉದ್ದ, ಅಗಲ, ದಪ್ಪ ಅಳೆಯಬೇಕು. ಒದ್ದೆ ಬಟ್ಟೆಯಿಂದ ಒರೆಸಿ ಬಿರುಕಿದೆಯೇ ನೋಡಬೇಕು. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಬರೆಯುವಾಗಲೂ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಬರೆಯುತ್ತೇನೆ.

ನಮ್ಮ ಕಡೆಯ ಕಪ್ಪು ಕಲ್ಲು ದೂರದ ದೇಶಗಳಿಗೆ ಗೋರಿಕಲ್ಲಾಗಿ ಹೋಗುತ್ತದೆ. ಹೆಚ್ಚಿನವು ಪಾಲಿಶ್ ಆಗಿ ಖಾಲಿಯೇ ಹೋಗುತ್ತವೆ, ಹೆಸರು ಕೆತ್ತುವುದು ಅಲ್ಲಿನವರು. ಕೆಲವು ಮಾತ್ರ ಇಲ್ಲೇ ಹೆಸರು ಹೊತ್ತುಕೊಂಡು ಹೋಗುತ್ತಿದ್ದವು. ಅಕ್ಷರಕ್ಕೆ ಮಿಷನ್ ಬಂದ ಮೇಲೂ, ಕೈಯಲ್ಲಿ ಕೆತ್ತಿದ್ದೇ ಬೇಕು ಎಂದು ಕೇಳುವವರಿದ್ದರು. ಆ ಕಲ್ಲುಗಳೆಲ್ಲ ಅಣ್ಣನ ಮುಂದೆ ಬರುತ್ತಿದ್ದವು.

ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಆ ಇಪ್ಪತ್ತಾರು ಅಕ್ಷರಗಳ ಮೈಕಟ್ಟನ್ನು ಅವನಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಎಸ್ ಅಕ್ಷರ ಅವನಿಗೆ ಹಾವಿನ ಮರಿ. ಕ್ಯೂ ಎಂದರೆ ಬಾಲ ಬಂದ ಮಡಕೆ. ಉಳಿ ಇಡುವ ಮೊದಲು ಮಾತ್ರ ಅವನದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು, ಈ ಹೆಸರಿನ ಅರ್ಥ ಏನು ಅಂತ. ನಾನು ಫೋನಿನಲ್ಲಿ ಹುಡುಕಿ ಹೇಳಬೇಕು. ಒಂದು ಹೆಸರು ಹೂವಿನದಾಗಿರುತ್ತಿತ್ತು, ಒಂದು ಕಮ್ಮಾರನದು, ಒಂದು ಯಾವುದೋ ಬೆಟ್ಟದ್ದು. ಕೇಳಿಸಿಕೊಂಡು ತಲೆಯಾಡಿಸಿ ಆಮೇಲೆ ಸುತ್ತಿಗೆ ಎತ್ತುತ್ತಿದ್ದ.

ಕಲ್ಲೆತ್ತುವ ಹಾಯಿಸ್ಟ್ ನಡೆಸುತ್ತಿದ್ದ ಸೆಲ್ವರಾಜ್ ಇದನ್ನು ಹಿಡಿದು ಅವನನ್ನು ಕೆಣಕುತ್ತಿದ್ದ. ಸತ್ತವರಿಗೆ ತಮ್ಮ ಹೆಸರಿನ ಅರ್ಥ ತಿಳಿದು ಇನ್ನೇನಾಗಬೇಕು ಎಂದು ತಮಿಳಿನಲ್ಲಿ ಕೇಳುತ್ತಿದ್ದ. ಅಣ್ಣ ತಲೆ ಎತ್ತದೆ ಕನ್ನಡದಲ್ಲೇ ಹೇಳುತ್ತಿದ್ದ:

“ಅವ್ರಿಗಲ್ಲ ಕಣ್ಲಾ, ನನ್ ಕೈಗೆ. ಅರ್ಥ ಗೊತ್ತಿಲ್ದಿದ್ರೆ ಕೈ ಬರೀ ಗೀಟು ಹಾಕ್ತದೆ.”

ಕಲ್ಲುಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ ಮುನಿರತ್ನಮ್ಮ ಒಮ್ಮೆ ತನ್ನ ಹೆಸರಿನ ಅರ್ಥ ಕೇಳಿದಳು. ನಿನ್ನ ಹೆಸರು ಕೆತ್ತೋ ಹೊತ್ತಿಗೆ ಹೇಳ್ತೀನಿ ಇರಮ್ಮ, ಈಗ್ಲೇ ಏನವಸರ ಎಂದ. ಅವಳು ಹುಲ್ಲಿನ ಒಂದು ಹಿಡಿಯನ್ನು ಅವನ ಮೇಲೆ ಎಸೆದಳು.

ಅವನ ಅಪ್ಪ ಒರಳು, ರುಬ್ಬುಗುಂಡು, ಬೀಸುವ ಕಲ್ಲು ಮಾಡುತ್ತಿದ್ದವರು. ಒರಳು ಮಾಡಿಕೊಟ್ಟಾಗ ಅದರ ತಳದಲ್ಲಿ, ನೆಲಕ್ಕೆ ತಾಗುವ ಒರಟು ಭಾಗದಲ್ಲಿ, ತೆಗೆದುಕೊಂಡ ಮನೆಯ ಒಂದು ಗುರುತು ಕೆತ್ತುತ್ತಿದ್ದರಂತೆ. ಹಬ್ಬಕ್ಕೋ ಮದುವೆಗೋ ಎರವಲು ಹೋದ ಕಲ್ಲು ಯಾರದೆಂದು ಜಗಳ ಬಂದರೆ ಮಗುಚಿ ನೋಡಿದರಾಯಿತು. ಇದನ್ನು ಅಣ್ಣ ನನಗೆ ಎಷ್ಟೋ ಸಲ ಹೇಳಿದ್ದ. ನಾನು ಅದನ್ನು ಹಳೆಯ ಕಾಲದ ಸಂಗತಿ ಎಂದು ಕೇಳಿಸಿಕೊಂಡಿದ್ದೆ.

ನಾನು ಹೇಳಹೊರಟ ಹೆಸರು ಬಂದದ್ದು ಒಂದು ಸೋಮವಾರ. ಏಳು ವರ್ಷ ಆಗಿರಬೇಕು, ಎಂಟೂ ಇರಬಹುದು. ಐರ್ಲೆಂಡಿನ ಆರ್ಡರು. ಚಿಕ್ಕ ಕಲ್ಲು, ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ. ಹೆಸರು ಒಂದೇ ಪದ, ಅದರ ಕೆಳಗೆ ಎರಡು ಇಸವಿ. ಎರಡು ಇಸವಿಗಳ ನಡುವೆ ಐದೇ ವರ್ಷ. ಸಿ, ಐ, ಎ, ಆರ್, ಎ, ಎನ್. ಎರಡನೇ ಎ ತಲೆಯ ಮೇಲೆ ಒಂದು ಚಿಕ್ಕ ಓರೆ ಗೀಟು ಇತ್ತು.

ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು, ಇದೇನಪ್ಪ ಮೇಲೊಂದು ಗೀಟು ಎಂದು ಕೇಳಿದ. ನಮ್ಮ ಪ್ರಿಂಟರು ಆ ವಾರ ಪ್ರತಿ ಹಾಳೆಯ ಮೇಲೂ ಮಸಿ ಸಿಡಿಸುತ್ತಿತ್ತು. ಮಸಿ ಅಣ್ಣ ಎಂದೆ. ಅರ್ಥ ಏನು ಎಂದ. ಶುಕ್ರವಾರ ಕಂಟೇನರ್ ತುಂಬಬೇಕು, ಇನ್ನೂ ನಲವತ್ತು ಕಲ್ಲು ಅಳೆಯುವುದಿದೆ, ಆಮೇಲೆ ಹೇಳುತ್ತೇನೆ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಸುತ್ತಿಗೆ ಎತ್ತಿಕೊಂಡ. ಅರ್ಥ ತಿಳಿಯದೆ ಅವನು ಕೆತ್ತಿದ್ದು, ನನಗೆ ಗೊತ್ತಿರುವ ಮಟ್ಟಿಗೆ, ಅದೊಂದೇ ಹೆಸರು.

ಸಂಜೆ ಫೋಟೊ ತೆಗೆದು ಕಳಿಸಿದೆವು. ಬುಧವಾರ ಮಧ್ಯಾಹ್ನ ಉತ್ತರ ಬಂತು. ಮಗುವಿನ ತಾಯಿ ಬರೆದದ್ದನ್ನು ಏಜೆಂಟು ಹಾಗೆಯೇ ಕಳಿಸಿದ್ದ. ಎರಡೇ ಸಾಲು. ಎರಡನೇ ಎ ಮೇಲಿನ ಗೀಟು ಕಾಣುತ್ತಿಲ್ಲ. ಅದಿಲ್ಲದಿದ್ದರೆ ಅದು ನಮ್ಮ ಮಗನ ಹೆಸರಲ್ಲ.

ನಾನು ಆ ಎರಡು ಸಾಲನ್ನು ನಾಲ್ಕು ಸಲ ಓದಿದೆ. ಮಸಿ ಎಂದು ಹೇಳಿದ್ದು ನಾನು. ಸೂಪರ್‌ವೈಸರಿಗೆ ಹೇಳಿದಾಗ ಅವರು ಬೈಯಲಿಲ್ಲ. ಮುಖವನ್ನು ಪೂರ್ತಿ ಉಜ್ಜಿಸಿ ಮೊದಲಿನಿಂದ ಕೆತ್ತಿಸಿ, ಇಲ್ಲದಿದ್ದರೆ ಮುಂದಿನ ಕಂಟೇನರಿಗೆ ಹಾಕಿ ಎಂದರು. ಮುಂದಿನ ಕಂಟೇನರ್ ಎಂದರೆ ಒಂದೂವರೆ ತಿಂಗಳು, ಅದರ ಮೇಲೆ ಹಡಗಿನ ದಿನಗಳು. ಅಷ್ಟು ದಿನ ಆ ಮಗುವಿನ ತಲೆಯ ಬಳಿ ಏನೂ ಇರುವುದಿಲ್ಲ. ಅಣ್ಣ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಅಕ್ಷರದ ತಲೆಯ ಮೇಲಿನ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದ. ಜಾಗ ಐತೆ ಎಂದ. ಇವತ್ತೇ ಕೈಯಲ್ಲಿ ಇಡ್ತೀನಿ, ಆದ್ರೆ ಈ ಸಲ ಹೇಳು, ಏನಿದು.

ಆಗ ಕೂತು ಸರಿಯಾಗಿ ಹುಡುಕಿದೆ. ಪಾಲಿಶ್ ಶೆಡ್ಡಿನ ಹೊರಗೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಊಟದ ಹೊತ್ತು, ಮಿಷನ್ನುಗಳು ನಿಂತಿದ್ದವು.

ಮೊದಲು ಗೀಟಿನ ವಿಷಯ ಹೇಳಿದೆ. ಅದು ಅವರ ಭಾಷೆಯಲ್ಲಿ ದೀರ್ಘ, ಅದಿದ್ದರೆ ಎ ಅಕ್ಷರವನ್ನು ಎಳೆದು ಹೇಳಬೇಕು. ದೀರ್ಘ ಎಂಬ ಮಾತು ಕೇಳಿ ಅಣ್ಣನ ಮುಖ ಅರಳಿತು. ಐದನೇ ಕ್ಲಾಸಿನಲ್ಲಿ ಬಿಟ್ಟುಬಂದದ್ದು ಮತ್ತೆ ಸಿಕ್ಕ ಹಾಗೆ.

“ದೀರ್ಘನಾ? ನಾವು ಪಕ್ಕಕ್ಕೆ ಇಟ್ಕೊಂಡಿದ್ದೀವಿ, ಇವ್ರು ತಲೆ ಮೇಲೆ ಇಟ್ಕೊಂಡವ್ರೆ. ಮಸಿ ಅಂದ್ಯಲ್ಲೋ, ಅಷ್ಟು ಓದಿದ್ದೋನು.”

ಅವನಿಗೆ ಬೇಸರವಾಗಿರಲಿಲ್ಲ. ನನಗೆ ಮಾತ್ರ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಹೆಸರಿನ ಚರಿತ್ರೆ ಓದಿ ಹೇಳಿದೆ. ಬಹಳ ಹಳೆಯ ಹೆಸರಂತೆ. ಆ ದೇಶದಲ್ಲಿ ಆ ಹೆಸರಿನ ಸಂತರು ಒಬ್ಬರಲ್ಲ, ಹಲವರು ಇದ್ದರಂತೆ. ಅವರಲ್ಲೊಬ್ಬರು ಕಾಡಿನಲ್ಲಿ ಗುಡಿಸಲು ಕಟ್ಟಲು ಹೊರಟಾಗ ಕಾಡುಹಂದಿಯೊಂದು ಬಂದು ಕೋರೆಯಿಂದ ಕೊಂಬೆ ಕಡಿದು ಕೊಟ್ಟಿತಂತೆ. ಒಂದು ನರಿಯೂ ಶಿಷ್ಯನಾಗಿ ಸೇರಿ, ಗುರುವಿನ ಚಪ್ಪಲಿಯನ್ನೇ ಕದ್ದುಕೊಂಡು ಹೋಯಿತಂತೆ. ಅಣ್ಣ ನಕ್ಕ. ನಮ್ಮ ಕಡೆ ಹಂದಿ ಬಂದರೆ ಕಡಲೆಕಾಯಿ ಹೊಲ ಉಳಿಯುವುದಿಲ್ಲ, ಅಲ್ಲಿ ಮನೆ ಕಟ್ಟಿಕೊಡುತ್ತದಾ ಎಂದ. ಮುಂದೆ ಇಂಗ್ಲಿಷರ ಬರವಣಿಗೆ ಬಂದಾಗ ಹೆಸರನ್ನು ಕೆ ಅಕ್ಷರದಿಂದ ಬರೆಯತೊಡಗಿದರು, ತಲೆಯ ಮೇಲಿನ ಗೀಟು ಬಿದ್ದುಹೋಯಿತು, ಈಚೆಗೆ ಎಷ್ಟೋ ಮನೆಯವರು ಮತ್ತೆ ಹಳೆಯ ರೂಪಕ್ಕೇ ಮರಳಿದ್ದಾರೆ ಎಂದು ಓದಿದೆ. ನಮ್ಮ ಊರುಗಳ ಹೆಸರನ್ನು ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ ಬರೆದ ಹಾಗೆ. ಅದು ಅವನಿಗೆ ಬಿಡಿಸಿ ಹೇಳಬೇಕಾದದ್ದಾಗಿರಲಿಲ್ಲ.

ಹೇಗೆ ಕರೆಯುತ್ತಾರೆ ಎಂದು ಕೇಳಿದ. ಫೋನಿನಲ್ಲಿ ಒಂದು ದನಿ ಇತ್ತು, ಒತ್ತಿದೆ. ಸಿ ಎಂದು ಬರೆದದ್ದು ಕ ಎಂದು ಕೇಳಿಸಿತು. ಕೀರಾನ್. ಇನ್ನೊಂದು ಸಲ ಹಾಕು ಎಂದ. ಹಾಕಿದೆ.

“ಕಿರಣ್ ಅಂತಾನಲ್ಲ” ಎಂದ.

ಹೆಚ್ಚುಕಡಿಮೆ ಹಾಗೇ ಎಂದೆ. ಅವನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಮರಳಿ ಇಟ್ಟ. ಆಗಲೇ ನಾನು ನಿಲ್ಲಿಸಬೇಕಿತ್ತೇನೋ… ನಿಲ್ಲಿಸಲಿಲ್ಲ. ಅವನು ಮೊದಲಿನಿಂದ ಕೇಳಿದ್ದು ಅರ್ಥವನ್ನು, ಅದನ್ನೇ ನಾನು ಕೊನೆಗೆ ಉಳಿಸಿಕೊಂಡಿದ್ದೆ. ಹೆಸರಿನ ಮೊದಲ ತುಂಡು ಅವರ ಹಳೆಯ ಭಾಷೆಯಲ್ಲಿ ಕಪ್ಪು ಎಂಬ ಮಾತು. ಕೊನೆಯ ತುಂಡು ಮುದ್ದಿಗೆ ಸೇರಿಸುವುದು, ನಾವು ಪುಟ್ಟ ಎನ್ನುವ ಹಾಗೆ. ಆ ದೀರ್ಘ ಇರುವುದು ಆ ಮುದ್ದಿನ ತುಂಡಿನ ಮೇಲೆಯೇ. ಕಪ್ಪು ಕೂದಲಿನ, ಕಪ್ಪು ಮೈಯ ಮಗುವಿಗೆ ಇಡುತ್ತಿದ್ದ ಹೆಸರಂತೆ. ಪುಟ್ಟ ಕರಿಯ ಎಂದೆ.

ಅಣ್ಣ ತೊಟ್ಟಿಯ ನೀರನ್ನು ನೋಡುತ್ತಿದ್ದ.

ಅವನಿಗೆ ಒಬ್ಬ ಮಗನಿದ್ದ. ನಾನು ಆ ಹುಡುಗನನ್ನು ನೋಡಿಲ್ಲ. ನಾನು ಕಾರ್ಖಾನೆಗೆ ಸೇರುವ ಮೊದಲೇ ಹೋಗಿದ್ದ, ಏಳು ವರ್ಷದವನಿದ್ದಾಗ. ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು, ಮಕ್ಕಳು ಈಜಲು ಇಳಿದಿದ್ದರು. ಅಷ್ಟೇ ನನಗೆ ಗೊತ್ತಿರುವುದು. ಹೆಚ್ಚು ಕೇಳಿಲ್ಲ. ಹುಡುಗನಿಗೆ ಅಜ್ಜನ ಹೆಸರು ಇಟ್ಟಿದ್ದರು, ಕರಿಯಪ್ಪ. ಮನೆಯಲ್ಲಿ ಕರಿಯ. ಬಣ್ಣವೂ ಹಾಗೇ ಇತ್ತಂತೆ. ಶಾಲೆಗೆ ಸೇರಿಸಲು ಹೋದಾಗ ಅಲ್ಲಿದ್ದ ಮೇಷ್ಟ್ರು, ಈ ಹೆಸರಾದರೆ ಮಕ್ಕಳು ಆಡಿಕೊಳ್ಳುತ್ತಾರೆ, ಕಿರಣ್ ಎಂದು ಬರೆಯುತ್ತೇನೆ ಎಂದು ಬರೆದೇಬಿಟ್ಟರು. ಆ ವರ್ಷಗಳಲ್ಲಿ ನಮ್ಮ ಕಡೆಯ ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಕಿರಣ್ ಇದ್ದೇ ಇರುತ್ತಿದ್ದರು. ಮೇಷ್ಟ್ರು ಕರಿಯನ್ನ ಒಳಗೆ ಕರ್ಕೊಂಡು ಬೆಳಕು ಮಾಡಿ ಹೊರಗೆ ಕಳಿಸಿದ್ರು ಎಂದು ಅಣ್ಣ ಒಮ್ಮೆ ನಗುತ್ತಲೇ ಹೇಳಿದ್ದ.

ಚಿಕ್ಕ ಮಕ್ಕಳಿಗೆ ಅವರಲ್ಲಿ ಕಲ್ಲು ನಿಲ್ಲಿಸುವ ಪದ್ಧತಿ ಇಲ್ಲ. ಊರಿನವರೊಬ್ಬರ ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದರು. ಆಮೇಲೆ ಆ ಹೊಲ ಮಾರಾಟವಾಯಿತು. ಮರ ಹೋಯಿತು, ಬದು ಹೋಯಿತು, ಜೆಸಿಬಿ ಬಂದು ಮಟ್ಟ ಮಾಡಿತು. ಸೈಟುಗಳಾದವು. ಅಣ್ಣ ಒಂದು ಸಲ ಹೋಗಿ ಹೆಜ್ಜೆ ಲೆಕ್ಕ ಹಾಕಿ ಜಾಗ ಹುಡುಕಿದ್ದನಂತೆ, ಸಿಕ್ಕಲಿಲ್ಲವಂತೆ. ಆ ಬಡಾವಣೆ ನಾನು ಈಗ ಇರುವುದಲ್ಲ. ಮನೆ ಕಟ್ಟುವ ಮೊದಲು ನಾನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಓದಿಬಿಟ್ಟೆ.

ಆ ನೀರಿಗೇ ಹೇಳುವ ಹಾಗೆ ಮಾತಾಡಿದ. ನನ್ನ ಕಡೆ ನೋಡಲಿಲ್ಲ.

“ಕರಿಯೋದು ಕಿರಣ್ ಅಂತ. ಅರ್ಥ ಕರಿಯ. ನಮಗೆ ಎರಡು ಹೆಸ್ರು ಬೇಕಾಯ್ತು… ಅವ್ರು ಒಂದ್ರಾಗೇ ಇಟ್ಟವ್ರೆ ನೋಡ್ಲಾ.”

ಮಧ್ಯಾಹ್ನ ಮೂರು ಗಂಟೆಗೆ ಅವನು ಆ ದೀರ್ಘ ಕೆತ್ತಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಪಾಲಿಶ್ ಆದ ಮುಖದ ಮೇಲೆ ಉಳಿ ಒಂದು ಕೂದಲಷ್ಟು ಜಾರಿದರೂ ಕಲ್ಲು ಕೆಡುತ್ತದೆ. ಅತಿ ಸಣ್ಣ ಉಳಿ ತೆಗೆದುಕೊಂಡ. ಸುತ್ತಿಗೆಯಿಂದ ಹೊಡೆಯಲಿಲ್ಲ, ಮುಟ್ಟಿಸಿದ, ಅಷ್ಟೇ. ಎಂಟು ಮಿಲಿಮೀಟರ್ ಉದ್ದದ ಗೀಟಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಪುಡಿಯನ್ನು ಬಾಯಿಂದ ಊದಿ ತೆಗೆದ. ಆ ಊದುವಿಕೆಯ ಕೊನೆಗೆ ಕೆಮ್ಮು ಬಂತು. ಆಗ ನಾವ್ಯಾರೂ ಆ ಕೆಮ್ಮಿಗೆ ಕಿವಿಗೊಡುತ್ತಿರಲಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ನಾನು ಪ್ಯಾಕಿಂಗ್ ಶೆಡ್ಡಿನ ಉತ್ತರದ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಆ ಕಲ್ಲಿಗೆ ಎಂಟು ಹೆಜ್ಜೆ. ಆಮೇಲೆ ನಡೆದು ಎಣಿಸಿದ್ದೇನೆ. ಕಲ್ಲನ್ನು ಹಳೆಯ ಕಂಬಳಿಯ ಮೇಲೆ ಮುಖ ಕೆಳಗಾಗಿ ಮಲಗಿಸಿದ್ದರು. ಸೆಲ್ವರಾಜ್ ಹಾಯಿಸ್ಟಿನಿಂದ ಅದರ ತಳದ ಕಡೆಯನ್ನು ಒಂದು ಗೇಣು ಎತ್ತಿ ಹಿಡಿದಿದ್ದ. ಮುನಿರತ್ನಮ್ಮ ಹುಲ್ಲಿನ ಹೊರೆಯ ಪಕ್ಕ ಕೈಕಟ್ಟಿ ನಿಂತಿದ್ದಳು. ಅಣ್ಣ ನೆಲಕ್ಕೆ ಕೂತು, ನಿಲ್ಲಿಸಿದಾಗ ಮಣ್ಣಿನೊಳಗೆ ಹೋಗುವ ಆ ಒರಟು ತಳದಲ್ಲಿ ಉಳಿ ಇಟ್ಟಿದ್ದ.

ಹತ್ತಿರ ಹೋದೆ. ಮೂರು ಅಕ್ಷರ. ಕ, ರಿ, ಯ. ಕನ್ನಡದಲ್ಲಿ. ಯ ಅಕ್ಷರದ ಕೊನೆಯ ಸುತ್ತು ಇನ್ನೂ ಆಗುತ್ತಿತ್ತು.

ನಾನು ಏನೂ ಹೇಳಲಿಲ್ಲ ಎಂದು ನನಗೆ ನೆನಪು. ಅಣ್ಣ ಎಂದು ಮಾತ್ರ ಅಂದೆ ಎಂದು ಮುನಿರತ್ನಮ್ಮ ಹೇಳುತ್ತಾಳೆ. ಅವನು ಉಳಿ ನಿಲ್ಲಿಸಿ, ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ಒದ್ದೆಯಾಗಿರಲಿಲ್ಲ. ಕಣ್ರೆಪ್ಪೆಯ ಮೇಲೆ ಕಲ್ಲಿನ ಪುಡಿ ಇತ್ತು.

“ಬೇರೆ ಹೆಸ್ರು ಬರ್ದಿಲ್ಲ ಕಣಪ್ಪ. ಅದೇ ಹೆಸ್ರು. ನಮ್ ಭಾಷೇಲಿ ಬರ್ದಿದ್ದೀನಿ.”

ಆ ಹೊತ್ತಿಗೆ ಸೂಪರ್‌ವೈಸರ್ ದಕ್ಷಿಣದ ಬಾಗಿಲಿನಿಂದ ಒಳಗೆ ಬಂದರು. ಅವರು ಕೆಟ್ಟವರಲ್ಲ. ಆದರೆ ಗಿರಾಕಿಯ ಕಲ್ಲಿನ ಮೇಲೆ ಗಿರಾಕಿ ಹೇಳದ ಒಂದು ಗೀಟು ಕಂಡರೂ ಉಜ್ಜಿ ತೆಗೆಯಲು ಗ್ರೈಂಡರ್ ತರಿಸುತ್ತಿದ್ದರು. ಅದು ಅವರ ಕೆಲಸ. ಗ್ರೈಂಡರಿಗೆ ಆ ಮೂರು ಅಕ್ಷರ ಒಂದು ನಿಮಿಷದ ಕೆಲಸವೂ ಅಲ್ಲ. ಇನ್ನೂ ಯಾಕೆ ಎತ್ತಿ ಹಿಡಿದಿದ್ದೀರಿ ಎಂದು ಅಲ್ಲಿಂದಲೇ ತಮಿಳಿನಲ್ಲಿ ಕೇಳಿದರು. ಉತ್ತರ ಕೊಟ್ಟವನು ಸೆಲ್ವರಾಜ್. ತಳ ಮಟ್ಟ ಇರಲಿಲ್ಲ ಸಾರ್, ಮೇಸ್ತ್ರಿ ಸರಿ ಮಾಡಿದರು, ಆಯಿತು ಎಂದವನೇ ಗುಂಡಿ ಒತ್ತಿದ. ಕಲ್ಲು ಮೆಲ್ಲನೆ ಕಂಬಳಿಯ ಮೇಲೆ ಇಳಿಯಿತು. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಮುನಿರತ್ನಮ್ಮ ಹುಲ್ಲಿನ ದೊಡ್ಡ ತೆಕ್ಕೆ ತಂದು ಮೊದಲು ತಳದ ಕಡೆಗೇ ಒತ್ತಿದಳು. ಯಾವಾಗಲೂ ಮೊದಲು ಮೂಲೆಗಳಿಗೆ ಒತ್ತುವವಳು.

ನನ್ನ ಹಾಳೆಯಲ್ಲಿ ಹದಿನಾಲ್ಕು ಸಾಲು ಇರುತ್ತಿತ್ತು. ಹದಿಮೂರನೆಯದು ತಳ. ಒರಟೋ ನಯವೋ, ಬೇರೆ ಗುರುತು ಇದೆಯೋ ಇಲ್ಲವೋ. ಸೂಪರ್‌ವೈಸರ್ ನನ್ನ ಪಕ್ಕ ನಿಂತಿದ್ದರು. ನಾನು ಬರೆದೆ: ತಳ ಒರಟು, ಬೇರೆ ಗುರುತು ಇಲ್ಲ. ಸಹಿ ಹಾಕಿದೆ. ಹನ್ನೊಂದು ವರ್ಷದಲ್ಲಿ ನಾನು ತಿಳಿದೂ ತಿಳಿದೂ ಬರೆದ ಸುಳ್ಳು ಅದೊಂದೇ.

ಅದು ಸರಿಯೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಾಣದ ದೇಶದ ಯಾರೋ ತಾಯಿ ತಂದೆ, ಅವರ ಮಗುವಿನ ಕಲ್ಲು. ಅದರ ಮೇಲೆ ಒಂದು ಗೀಟು ಹೆಚ್ಚು ಮಾಡಲೂ ನಮಗೆ ಹಕ್ಕಿರಲಿಲ್ಲ. ಒಂದು ಗೀಟು ಕಡಿಮೆಯಾದದ್ದಕ್ಕೆ ಅವರು ಬರೆದ ಪತ್ರ ನನ್ನ ಜೇಬಿನಲ್ಲೇ ಇತ್ತು. ಕೆತ್ತಿದ್ದು ಬೇರೊಂದು ಹೆಸರಾಗಿದ್ದರೆ ನಾನು ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ.

ಶುಕ್ರವಾರ ಕಂಟೇನರ್ ಹೋಯಿತು. ಎರಡು ತಿಂಗಳ ಮೇಲೆ ಏಜೆಂಟಿನ ಮೂಲಕ ತಾಯಿಯ ಇನ್ನೊಂದು ಸಾಲು ಬಂತು. ಕಲ್ಲು ನಿಲ್ಲಿಸಿದೆವು, ಹೆಸರು ಸರಿಯಾಗಿದೆ, ಕೆತ್ತಿದವರಿಗೆ ತಿಳಿಸಿ. ಓದಿ ಹೇಳಿದೆ. ಅಣ್ಣ ಕೆಲಸ ನಿಲ್ಲಿಸಿ ಕೇಳಿಸಿಕೊಂಡ. ನಿಲ್ಲಿಸಿದರಂತಾ ಎಂದು ಒಂದು ಸಲ ಕೇಳಿದ, ಹೂಂ ಎಂದೆ. ಸ್ವಲ್ಪ ಹೊತ್ತಿಗೆ, ಅವ್ಳಿಗೆ ಹೇಳ್ಬೇಡ ಎಂದ. ಅವನ ಹೆಂಡತಿ, ನನ್ನ ಅತ್ತಿಗೆಗೆ. ಹೋಗಿ ನೋಡೋಕಾಗದ ಜಾಗ, ಸುಮ್ಮನೆ ಆಸೆ ಹುಟ್ತದೆ ಎಂದ. ಹೇಳುವುದಿಲ್ಲ ಎಂದೆ.

ಆ ಹೆಸರು ಆಮೇಲೆಯೂ ಬಂತು. ಹೆಚ್ಚಲ್ಲ, ವರ್ಷಕ್ಕೆ ಒಂದೋ ಎರಡೋ. ವಯಸ್ಸಾದವರ ಕಲ್ಲುಗಳಲ್ಲಿ ಹೆಚ್ಚಾಗಿ ಕೆ ಇರುತ್ತಿತ್ತು, ಗೀಟಿಲ್ಲದೆ. ಚಿಕ್ಕವರದರಲ್ಲಿ ಸಿ, ತಲೆಯ ಮೇಲೆ ದೀರ್ಘ. ಒಂದು ಕಾಲಕ್ಕೆ ಅಲ್ಲಿ ಬಹಳ ಜನ ಮೆಚ್ಚಿ ಇಡುತ್ತಿದ್ದ ಹೆಸರು, ಈಗ ಕಡಿಮೆಯಾಗುತ್ತಿದೆ ಎಂದು ಎಲ್ಲೋ ಓದಿದೆ. ನಮಗೆ ಅದು ಗೊತ್ತಾಗುವುದು ತಡವಾಗಿ. ತೊಟ್ಟಿಲಲ್ಲಿ ಇಟ್ಟ ಹೆಸರು ನಮ್ಮ ಶೆಡ್ಡಿಗೆ ಬರಲು ಒಂದು ಆಯುಷ್ಯ ಹಿಡಿಯುತ್ತದೆ. ಹಿಡಿಯಬೇಕು. ಹಾಳೆ ಕೊಟ್ಟಾಗ ಅಣ್ಣ ಅರ್ಥ ಕೇಳುತ್ತಿರಲಿಲ್ಲ. ಬಂದ್ನಾ ನಮ್ ಕರಿಯ ಎನ್ನುತ್ತಿದ್ದ. ಮೊದಲು ಎರಡು ಇಸವಿ ನೋಡಿ ಕಳೆದು, ವಯಸ್ಸು ಎಂಬತ್ತರ ಹತ್ತಿರ ಬಂದರೆ ಮುಖ ತಿಳಿಯಾಗುತ್ತಿತ್ತು. ಪರವಾಗಿಲ್ಲ, ಬದುಕವ್ನೆ ಎನ್ನುತ್ತಿದ್ದ.

ಕೆಮ್ಮು ಜಾಸ್ತಿಯಾಯಿತು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, ಊದೋದು ಹೆಂಗಪ್ಪ ಎನ್ನುತ್ತಿದ್ದ. ಮೊದಲು ಟಿ.ಬಿ. ಅಂದರು, ಆಮೇಲೆ ಟಿ.ಬಿ. ಅಲ್ಲ ಅಂದರು. ಕೃಷ್ಣಗಿರಿಗೆ ಹೋಗಿ ತೆಗೆಸಿದ ಎಕ್ಸ್‌ರೇಯಲ್ಲಿ ಎದೆಯ ತುಂಬ ಸಣ್ಣ ಸಣ್ಣ ಚುಕ್ಕೆ ಇದ್ದವು. ಅದನ್ನು ಕಿಟಕಿಗೆ ಹಿಡಿದು ನೋಡಿ, ನಿನ್ ಪ್ರಿಂಟರ್ ಸಿಡಿಸಿದ ಹಂಗೈತೆ ಎಂದ. ನನಗೆ ನಗು ಬರಲಿಲ್ಲ. ಅವನು ಕೆಲಸ ಬಿಟ್ಟ. ಒಂದು ವರ್ಷಕ್ಕೆ ಹೋಗಿಬಿಟ್ಟ. ಹೋದ ದಿನ ನಾನು ಆಡಿಟ್ ಎಂದು ಕಾರ್ಖಾನೆಯಲ್ಲಿದ್ದೆ. ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅಷ್ಟು ಜನರ ಹೆಸರು ಕೆತ್ತಿದವನಿಗೆ ಕಲ್ಲಿಲ್ಲ. ಒಂದು ಮಣ್ಣಿನ ಗುಡ್ಡೆ, ಅದರ ಮೇಲೆ ಮುಳ್ಳಿನ ಕೊಂಬೆ… ಕಲ್ಲು ನಿಲ್ಲಿಸೋಣ ಎಂದು ನಾನೇ ಕೇಳಿದೆ. ಬೇಡ ಅಂದಿದ್ರು ಎಂದಳು ಅತ್ತಿಗೆ.

ಇದೆಲ್ಲ ಆಗಿ ಎರಡು ವರ್ಷ. ಅತ್ತಿಗೆಗೆ ನಾನು ಹೇಳಿರಲಿಲ್ಲ. ಮಾತು ಕೊಟ್ಟಿದ್ದೆ.

ಆ ಮಂಗಳವಾರ ಗೇಟಿನ ಬಳಿ ನಿಂತಾಗ ನನಗೆ ಹೊಳೆದದ್ದು ಒಂದೇ ಸಂಗತಿ. ಆ ಕಲ್ಲಿನ ತಳ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಳೆಯಲ್ಲಿ ಗುರುತು ಇಲ್ಲ ಎಂದು ನನ್ನ ಸಹಿ ಇದೆ. ನಾಳೆ ನನಗೆ ಏನಾದರೂ ಆದರೆ ಆ ಹುಡುಗನ ಹೆಸರು ಎಲ್ಲೂ ಇಲ್ಲ ಎಂದೇ ಉಳಿಯುತ್ತದೆ, ಅವನ ತಾಯಿಗೂ. ಕೊಟ್ಟ ಮಾತಿಗಿಂತ ಅದು ದೊಡ್ಡ ತಪ್ಪು ಅನ್ನಿಸಿತು.

ಭಾನುವಾರ ಹೋದೆ. ಅತ್ತಿಗೆ ಈಗ ಮಗಳ ಮನೆಯಲ್ಲಿದ್ದಾಳೆ, ಹತ್ತಿರದ ಗುಲಾಬಿ ಶೆಡ್ಡಿನಲ್ಲಿ ಹೂವು ಕಟ್ಟು ಮಾಡುವ ಕೆಲಸ. ಬೆರಳಿಗೆಲ್ಲ ಮುಳ್ಳು ಗೀಚಿತ್ತು. ಜಗಲಿಯ ಮೇಲೆ ಕೂರಿಸಿ ಟೀ ಕೊಟ್ಟಳು. ನಾನು ಮೊದಲಿನಿಂದ ಹೇಳಿದೆ. ಮಸಿ ಎಂದದ್ದು, ದೀರ್ಘ, ಹೆಸರಿನ ಅರ್ಥ, ಗುರುವಾರ ಬೆಳಿಗ್ಗೆ ಎಂಟು ನಲವತ್ತು. ಏನನ್ನೂ ಬಿಡಲಿಲ್ಲ. ನನ್ನ ಟೀ ಆರಿ ಹೋಗಿತ್ತು.

ಮುಗಿದ ಮೇಲೆ ಕೇಳಿದಳು:

“ಅಲ್ಲಿ ಮಳೆ ಬತ್ತದಾ?”

ಬಹಳ ಬರುತ್ತದಂತೆ ಅತ್ತಿಗೆ ಎಂದೆ. ಹಂಗಾದರೆ ಅಳಿಸಿಹೋಗಲ್ವಾ ಎಂದಳು. ಇಲ್ಲ, ಅದು ಮಣ್ಣಿನ ಒಳಗಿದೆ, ಗಾಳಿ ಮಳೆ ತಾಗುವುದಿಲ್ಲ, ಮೇಲಿನ ಹೆಸರು ಸವೆದರೂ ಅದು ಸವೆಯುವುದಿಲ್ಲ ಎಂದೆ. ಇದು ನಿಜ. ಕಲ್ಲಿನ ವಿಷಯದಲ್ಲಿ ನಾನು ಸುಳ್ಳು ಹೇಳಿರುವುದು ಒಂದೇ ಸಲ.

ಆ ತಾಯಿಗೆ ಗೊತ್ತಾ ಎಂದು ಕೇಳಿದಳು. ನಾವ್ಯಾರೂ ತಿಳಿಸಿಲ್ಲ ಎಂದೆ. ಅತ್ತಿಗೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಮನೆಯೊಳಗೆ ಮೊಮ್ಮಗಳು ಯಾವುದೋ ಪಾಠ ಜೋರಾಗಿ ಓದುತ್ತಿದ್ದಳು, ತಮಿಳಿನದು.

“ಇರ್ಲಿ ಬಿಡಪ್ಪ. ಆವಮ್ಮ ಹೂ ಇಡ್ತಾಳಲ್ಲ… ಅದು ಇಳಿದು ನಮ್ಮೋನಿಗೂ ಸೇರ್ತದೆ.”

ಆಮೇಲೆ ಅವಳು ಅತ್ತಳು. ನಾನು ಎದ್ದು ಹೊರಗೆ ಬಂದು, ಹುಣಸೆ ಮರದ ಕೆಳಗೆ ನಿಲ್ಲಿಸಿದ್ದ ಗಾಡಿಯ ಪಕ್ಕ ನಿಂತೆ. ಮಧ್ಯಾಹ್ನ ಒಂದೂವರೆ ಆಗಿತ್ತು.

ಆ ಮೂರು ಅಕ್ಷರಗಳನ್ನು ಇಲ್ಲಿ ಕಣ್ಣಾರೆ ಕಂಡವರು ನಾಲ್ಕು ಜನ, ಅಲ್ಲಿ ಕಲ್ಲು ನಿಲ್ಲಿಸಿದವರು ಕಂಡರೋ ಇಲ್ಲವೋ ಗೊತ್ತಿಲ್ಲ. ಕೆತ್ತಿದವನು ಈಗಿಲ್ಲ. ಮುನಿರತ್ನಮ್ಮ ಇದ್ದಾಳೆ, ಸೂಳಗಿರಿಯಲ್ಲೇ. ಮಂಡಿ ನೋವು, ಕೆಲಸ ಬಿಟ್ಟಿದ್ದಾಳೆ. ಸೆಲ್ವರಾಜ್ ಇದ್ದಾನೆ, ಅದೇ ಶೆಡ್ಡಿನಲ್ಲಿ ಅದೇ ಹಾಯಿಸ್ಟ್ ನಡೆಸುತ್ತಾನೆ. ಇದನ್ನು ಬರೆಯುವ ಮೊದಲು ಅವನನ್ನು ಕಂಡು, ನೆನಪಿದೆಯಾ ಎಂದು ಕೇಳಿದೆ. ಕನ್ನಡ ಓದಲು ಇವತ್ತಿಗೂ ಬಾರದ ಅವನು ನೆಲದ ಮೇಲೆ ಕೂತು, ಅಲ್ಲಿ ಬಿದ್ದಿದ್ದ ಕಲ್ಲಿನ ಪುಡಿಯಲ್ಲಿ ಬೆರಳಿನಿಂದ ಮೂರೂ ಅಕ್ಷರ ತಪ್ಪಿಲ್ಲದೆ ಬರೆದು ತೋರಿಸಿದ. ನಾಲ್ಕನೆಯವನು ನಾನು.